ಕರಣಿಕನ ಆಸನ

ಕನ್ನಡ ಬರೆಹದ ಇತಿಹಾಸವನ್ನು ಕುರಿತು ವಿದ್ವಾಂಸರು ಪಟ್ಟಿರುವ ಪರಿಶ್ರಮ ಅಲ್ಪವಾದುದಲ್ಲ. ಲಿಪಿಯ ಬೆಳವಣಿಗೆ, ಓಲೆಯ ಸಂಸ್ಕಾರ, ಕಂಟದ ಮೊನೆ, ಮಸಿಯ ಪಾಕ, ಪ್ರತಿಗಳ ಪರಂಪರೆ ಇವೆಲ್ಲವೂ ವಿಚಾರಕ್ಕೆ ಬಂದಿವೆ. ಬರೆದವನು ಎಲ್ಲಿ ಕುಳಿತನು, ಓಲೆಯನ್ನೋ ಕಾಗದವನ್ನೋ ಯಾವ ಎತ್ತರದಲ್ಲಿ ಇಟ್ಟುಕೊಂಡನು, ದಿನವೆಲ್ಲ ಬರೆದ ಮೇಲೆ ಅವನ ಬೆನ್ನು ಏನಾಯಿತು ಎಂಬ ಪ್ರಶ್ನೆಗಳಿಗೆ ಮಾತ್ರ ಅಷ್ಟು ಗಮನ ಸಂದಿಲ್ಲ. ಇವು ಕ್ಷುಲ್ಲಕವೆಂದು ತೋರಬಹುದು. ಆದರೆ ಕುಳಿತವನ ದೇಹಕ್ಕೆ ತಕ್ಕಂತೆ ಏರಿಸಿ ಇಳಿಸಬಹುದಾದ ಮೇಜು ಕುರ್ಚಿಗಳು ಇಂದು ಕಚೇರಿಗಳಲ್ಲಿ ಬಳಕೆಗೆ ಬರುತ್ತಿರುವಾಗ, ಅವನ್ನು ಪರದೇಶದ ಭೋಗಸಾಮಗ್ರಿಯೆಂದು ತಳ್ಳಿಹಾಕುವ ಮಾತೂ ಕೇಳಿಬರುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ತಿಳಿಯಬೇಕಾದರೆ ಈ ನಾಡಿನ ಬರೆಹಗಾರರು ಹಿಂದೆ ಹೇಗೆ ಕುಳಿತಿದ್ದರೆಂಬುದನ್ನು ನೋಡದೆ ವಿಧಿಯಿಲ್ಲ. ತುಮಕೂರು ಸೀಮೆಯ ಗುಬ್ಬಿ ಇದಕ್ಕೆ ಅನುಕೂಲವಾದ ಸ್ಥಳ. ಓಲೆಯ ಕವಿ, ಕಡತದ ವರ್ತಕ, ಪಾದ್ರಿಗಳ ಶಾಲೆ, ತಾಲ್ಲೂಕು ಕಚೇರಿ ಈ ನಾಲ್ಕನ್ನೂ ಕಂಡ ಊರು ಅದು.

ಗುಬ್ಬಿಯ ಮಲ್ಲಣಾರ್ಯನು ಭಾವಚಿಂತಾರತ್ನವನ್ನು ಕ್ರಿ. ಶ. 1513ರಲ್ಲಿಯೂ ವೀರಶೈವಾಮೃತಪುರಾಣವನ್ನು 1530ರಲ್ಲಿಯೂ ರಚಿಸಿದನೆಂಬುದು ಕವಿಚರಿತೆಯನ್ನು ಬಲ್ಲವರಿಗೆ ತಿಳಿದ ವಿಷಯವೇ. ಇವುಗಳಲ್ಲಿ ಎರಡನೆಯದು ಸಾವಿರಾರು ಪದ್ಯಗಳ ಮಹಾಗ್ರಂಥ. ಅಚ್ಚಿನ ಯಂತ್ರ ಬರುವವರೆಗೆ ಅದರ ಒಂದೊಂದು ಪ್ರತಿಯೂ ಒಬ್ಬೊಬ್ಬ ಲಿಪಿಕಾರನು ದಿನಗಟ್ಟಲೆ, ತಿಂಗಳುಗಟ್ಟಲೆ ಕುಳಿತು ಕೊರೆದದ್ದು. ಕವಿಯ ಪ್ರತಿಭೆಯನ್ನು ಕೊಂಡಾಡುವಾಗ ಈ ಕುಳಿತಿರುವಿಕೆಯ ಲೆಕ್ಕವನ್ನು ಯಾರೂ ಹಿಡಿಯುವುದಿಲ್ಲ.

ಓಲೆಯ ಮೇಲೆ ಬರೆಯುವ ಕ್ರಮವು ಕಾಗದದ ಮೇಲೆ ಬರೆಯುವ ಕ್ರಮಕ್ಕಿಂತ ಬೇರೆಯಾದದ್ದು. ಒಂದೆರಡು ಅಂಗುಲ ಅಗಲದ ಗರಿಯನ್ನು ಎಡಗೈಯಲ್ಲಿ ಹಿಡಿದು, ಮಡಿಸಿದ ಮಂಡಿಯ ಮೇಲೆ ಆನಿಸಿ, ಬಲಗೈಯ ಕಂಟವನ್ನು ಎಡಗೈ ಹೆಬ್ಬೆರಳಿನ ಉಗುರಿಗೆ ಒತ್ತುಕೊಟ್ಟು ಅಕ್ಷರಗಳನ್ನು ಕೊರೆಯುತ್ತಿದ್ದರು. ಹೆಬ್ಬೆರಳಿನ ಉಗುರನ್ನು ಬೆಳೆಸಿ ಅದರಲ್ಲಿ ಕಚ್ಚು ಮಾಡಿಕೊಳ್ಳುವುದೂ ಉಂಟು. ಸಾಲು ಮುಂದುವರಿದಂತೆ ಓಲೆಯೇ ಎಡಕ್ಕೆ ಸರಿಯುತ್ತಿತ್ತು. ಕಂಟವಿರುವ ಕೈ ಹೆಚ್ಚಾಗಿ ಚಲಿಸುತ್ತಿರಲಿಲ್ಲ. ಈ ಕ್ರಮದಲ್ಲಿ ಮೇಜಿಗೆ ಅವಕಾಶವೇ ಇಲ್ಲ. ಬರೆಯುವ ತಳವು ಕೈಯಲ್ಲಿಯೇ ಇರುವುದರಿಂದ ಅದನ್ನು ಕಣ್ಣಿಗೆ ಹತ್ತಿರ ತರಬಹುದು, ಬೆಳಕಿನ ಕಡೆ ತಿರುಗಿಸಬಹುದು, ಗೋಡೆಗೊರಗಿ ಕುಳಿತೂ ಬರೆಯಬಹುದು. ಎತ್ತರದವನೂ ಗಿಡ್ಡನೂ ಒಂದೇ ಓಲೆಯನ್ನು ತಮ್ಮ ತಮ್ಮ ದೇಹಕ್ಕೆ ಬೇಕಾದ ಮಟ್ಟದಲ್ಲಿ ಹಿಡಿದುಕೊಳ್ಳುತ್ತಿದ್ದರು.

ಇಷ್ಟರಿಂದ ಆ ಕಾಲದ ಲಿಪಿಕಾರನು ಸುಖಿಯಾಗಿದ್ದನೆಂದು ಹೇಳಿದರೆ ಸತ್ಯಕ್ಕೆ ದೂರವಾಗುತ್ತದೆ. ಹಸ್ತಪ್ರತಿಗಳ ಕಡೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಸಂಸ್ಕೃತ ಶ್ಲೋಕ ಸಂಪಾದಕರೆಲ್ಲರಿಗೂ ಪರಿಚಿತವಾದದ್ದು. ಬೆನ್ನು ಟೊಂಕ ಕೊರಳುಗಳು ಕುಸಿದವೆಂದೂ ನೋಟ ಮರವಟ್ಟಿತೆಂದೂ ತಲೆ ತಗ್ಗಿಸಿ ಕಷ್ಟದಿಂದ ಬರೆದ ಈ ಗ್ರಂಥವನ್ನು ಜೋಪಾನ ಮಾಡಬೇಕೆಂದೂ ಅದರ ತಾತ್ಪರ್ಯ. ಪ್ರತಿಯಿಂದ ಪ್ರತಿಗೆ ನಡೆದುಬಂದ ಇಂಥ ಶ್ಲೋಕವನ್ನು ಪಂಡಿತರು ವಾಡಿಕೆಯ ಮಾತೆಂದು ಬದಿಗಿಡುವುದು ಸಹಜ. ಆದರೂ ಆ ವಾಡಿಕೆ ಹುಟ್ಟಿದ್ದೇಕೆ? ನೀರು, ಎಣ್ಣೆ, ಸಡಿಲವಾದ ಕಟ್ಟು, ಮೂರ್ಖರ ಕೈ ಇವುಗಳಿಂದ ಗ್ರಂಥವನ್ನು ಕಾಪಾಡೆಂದು ಬೇಡುವ ಇನ್ನೊಂದು ಶ್ಲೋಕದಲ್ಲಿ ಗ್ರಂಥದ ಶತ್ರುಗಳ ಪಟ್ಟಿಯಿದೆ. ಇದರಲ್ಲಿರುವುದು ಲೇಖಕನ ದೇಹದ ವ್ಯಾಧಿಗಳ ಪಟ್ಟಿ. ಬೆನ್ನು, ಸೊಂಟ, ಕತ್ತು, ಕಣ್ಣು: ಇಂದಿನ ವೈದ್ಯನು ಗಣಕಯಂತ್ರದ ಮುಂದೆ ಕುಳಿತ ಗುಮಾಸ್ತೆಯನ್ನು ಪರೀಕ್ಷಿಸಿದರೂ ಬಹುಮಟ್ಟಿಗೆ ಇವೇ ನಾಲ್ಕನ್ನು ಬರೆದುಕೊಳ್ಳುತ್ತಾನೆ.

ಬರೆಯುವುದಕ್ಕಿಂತ ಓದುವುದಕ್ಕೆ ಪ್ರಾಚೀನರು ಹೆಚ್ಚಿನ ಅನುಕೂಲವನ್ನು ಮಾಡಿಕೊಂಡಿದ್ದರೆಂದು ತೋರುತ್ತದೆ. ಪುಸ್ತಕವನ್ನಿಡುವ ವ್ಯಾಸಪೀಠವನ್ನು ಇಂದಿಗೂ ಮಠಗಳಲ್ಲಿ, ಪುರಾಣ ಹೇಳುವವರ ಮನೆಗಳಲ್ಲಿ ಕಾಣಬಹುದು. ಅದಕ್ಕಿಂತ ಗಮನಾರ್ಹವಾದದ್ದು ಜೈನರಲ್ಲಿ ಬಳಕೆಯಲ್ಲಿದ್ದ ಠವಣೆಕೋಲು. ಪದದ ಪೂರ್ವಾರ್ಧವು ಸಂಸ್ಕೃತದ ಸ್ಥಾಪನಾ ಎಂಬುದರ ಪ್ರಾಕೃತ ರೂಪ, ಉತ್ತರಾರ್ಧವು ಅಚ್ಚಗನ್ನಡ. ಶ್ರವಣಬೆಳಗೊಳದ ನಿಸಿಧಿಯ ಶಿಲ್ಪಗಳಲ್ಲಿ ಗುರುಶಿಷ್ಯರ ನಡುವೆ ಈ ಕೋಲುಗಳ ಆಸರೆಯನ್ನು ಕೆತ್ತಿದ್ದಾರೆ. ಅಡ್ಡಡ್ಡವಾಗಿ ನಿಲ್ಲಿಸಿ ನಡುವೆ ಬಿಗಿದ ಕೋಲುಗಳ ಗುಣವೇನೆಂದರೆ, ಕಾಲುಗಳನ್ನು ಅಗಲಿಸಿದಷ್ಟೂ ಮೇಲಿನ ಗ್ರಂಥ ತಗ್ಗುತ್ತದೆ, ಕೂಡಿಸಿದಷ್ಟೂ ಏರುತ್ತದೆ. ನೆಲದ ಮೇಲೆ ಕುಳಿತ ವೃದ್ಧನಾದ ಮುನಿಗೂ ಎಳೆಯ ಶಿಷ್ಯನಿಗೂ ಒಂದೇ ಆಸರೆ ಸಾಕಾಗುವಂತೆ ಇದು ಮಾಡುತ್ತದೆ. ಬರೆಯುವವನ ಬಳಿಯಲ್ಲಿ ಹಲಗೆ ಬಳಪಗಳಿದ್ದವು. ಕರಡನ್ನು ಅವುಗಳ ಮೇಲೆ ಬರೆದು ತಿದ್ದಿ ಆಮೇಲೆ ಓಲೆಗೆ ಏರಿಸುತ್ತಿದ್ದುದರಿಂದಲೇ ಅವುಗಳನ್ನು ಮುಟ್ಟದೆ ಕಾವ್ಯ ರಚಿಸಿದೆನೆಂದು ಕುಮಾರವ್ಯಾಸನು ಹೆಮ್ಮೆಪಡಲು ಸಾಧ್ಯವಾಯಿತು. ಆ ಹಲಗೆಯನ್ನೂ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು.

ಶಾನುಭೋಗನ, ವರ್ತಕನ ಬರೆಹಕ್ಕೆ ಸಾಧನವಾಗಿದ್ದುದು ಕಡತ. ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಮೈಸೂರಿನ ಚರಿತ್ರೆಯಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲ, ಹನ್ನೆರಡರಿಂದ ಹದಿನೆಂಟು ಅಡಿಯವರೆಗೆ ಉದ್ದವಿರುವ ಬಟ್ಟೆಗೆ ಎರಡು ಕಡೆಯೂ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಒಣಗಿಸಿ ಪದರಪದರವಾಗಿ ಮಡಿಸಿದರೆ ಅದೇ ಕಡತ. ಬಳಪದಿಂದ ಬರೆಯುವುದು, ಬೇಡವಾದಾಗ ಅಳಿಸುವುದು. ತನ್ನ ಕಾಲದಲ್ಲಿಯೂ ಮೈಸೂರಿನ ವರ್ತಕರೂ ಅಂಗಡಿಕಾರರೂ ಎಲ್ಲೆಡೆಯಲ್ಲಿಯೂ ಇದನ್ನೇ ಬಳಸುತ್ತಿದ್ದರೆಂದು ಅವನು ಹೇಳುತ್ತಾನೆ. ಇದಕ್ಕೆ ಹತ್ತು ವರ್ಷಗಳ ಮುಂಚೆ, 1800ರಲ್ಲಿ, ಫ್ರಾನ್ಸಿಸ್ ಬುಕನನ್ನನು ಗುಬ್ಬಿಗೆ ಬಂದು ಅಲ್ಲಿಯ ಸಂತೆಯ ವ್ಯಾಪಾರವನ್ನು ವರ್ಣಿಸಿದನು. ಮಲೆನಾಡಿನ ಅಡಕೆ ಬಯಲುಸೀಮೆಗೆ ಇಳಿಯುವ ದಾರಿಯಲ್ಲಿ ಗುಬ್ಬಿ ಒಂದು ದೊಡ್ಡ ಕಟ್ಟೆ. ಅಡಕೆಯ ಲೆಕ್ಕವೆಲ್ಲ ನಡೆಯುತ್ತಿದ್ದುದು ಗಾದಿಯ ಮೇಲೆ, ಲೋಡಿಗೆ ಒರಗಿ, ಮಡಿಲಲ್ಲಿ ಕಡತವನ್ನು ಬಿಚ್ಚಿಕೊಂಡು. ಕಾಗದ ಹೆಚ್ಚಿದ ಮೇಲೆ ವರ್ತಕನು ಇಳಿಜಾರಾದ ಮುಚ್ಚಳವುಳ್ಳ ಪೆಟ್ಟಿಗೆಯೊಂದನ್ನು ಮುಂದಿಟ್ಟುಕೊಂಡನು. ಒಳಗೆ ಹಣ, ಮೇಲೆ ಲೆಕ್ಕದ ಪುಸ್ತಕ. ಆ ಇಳಿಜಾರು ಕೇವಲ ಅಲಂಕಾರವಲ್ಲ. ಕಾಗದ ಕಣ್ಣಿನ ಕಡೆಗೆ ವಾಲುವುದರಿಂದ ಕತ್ತು ಅಷ್ಟರಮಟ್ಟಿಗೆ ಕಡಿಮೆ ಬಾಗುತ್ತದೆ.

ದೊಡ್ಡ ಕಚೇರಿಯ ಮಾತು ಬೇರೆ. ಚಿಕ್ಕದೇವರಾಜ ಒಡೆಯರು ಸುಮಾರು 1700ರಲ್ಲಿ ರಾಜ್ಯದ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರೆಂದು ಪ್ರಸಿದ್ಧಿ. ಅಠಾರ ಕಚೇರಿಯೆಂಬ ಹೆಸರಿಗೆ ಅದೇ ಮೂಲ. ಇಲಾಖೆಗಳು ಹೆಚ್ಚಿದಂತೆ ದಿನವೆಲ್ಲ ಕುಳಿತು ಬರೆಯುವುದನ್ನೇ ವೃತ್ತಿಯಾಗಿ ಉಳ್ಳ ಜನರ ಸಂಖ್ಯೆಯೂ ಹೆಚ್ಚಿತು. ಇದೇ 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ಼ಿನಿಯು ಕಸಬುದಾರರ ವ್ಯಾಧಿಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. 1713ರ ಪರಿಷ್ಕರಣದಲ್ಲಿ ಲಿಪಿಕಾರರನ್ನೂ ಸೇರಿಸಿ, ಅವರ ಬಾಧೆಗೆ ಮೂರು ಕಾರಣಗಳನ್ನು ಹೇಳಿದನು: ಎಡೆಬಿಡದೆ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಆಡಿಸುತ್ತಿರುವುದು, ತಪ್ಪಾಗದಂತೆ ಮನಸ್ಸನ್ನು ಬಿಗಿಹಿಡಿದಿರುವುದು. ಇಟಲಿಯವನು ಕುರ್ಚಿಯ ಮೇಲೆ ಕುಳಿತವರನ್ನು ನೋಡಿ ಬರೆದನು; ಮೇಲೆ ಹೇಳಿದ ಶ್ಲೋಕದ ಲಿಪಿಕಾರನು ನೆಲದ ಮೇಲೆ ಕುಳಿತು ಬರೆದನು. ಇಬ್ಬರ ದೂರೂ ಹೆಚ್ಚು ಕಡಮೆ ಒಂದೇ ಆಗಿರುವುದರಿಂದ, ನೆಲವೇ ಆರೋಗ್ಯಕರ, ಕುರ್ಚಿಯೇ ಅನರ್ಥಕ್ಕೆ ಮೂಲ ಎಂಬ ವಾದ ನಿಲ್ಲುವುದಿಲ್ಲ. ಅಲ್ಲದೆ ಮಂಡಿ ಮಡಿಸಲಾರದವನಿಗೆ, ಕಾಲಿಲ್ಲದವನಿಗೆ, ಎದ್ದು ಕೂರಲು ಆಸರೆ ಬೇಕಾದ ಮುದುಕನಿಗೆ ಆ ನೆಲದ ಕಚೇರಿಯಲ್ಲಿ ಎಡೆಯೆಲ್ಲಿದ್ದಿತು? ಹಳೆಯದನ್ನು ಹೊಗಳುವವರು ಇದನ್ನು ಮರೆಯಬಾರದು.

ಕುರ್ಚಿ ಮೇಜುಗಳು ಈ ನಾಡಿಗೆ ಬಂದ ಬಗೆಯನ್ನು ಪದಗಳೇ ಹೇಳುತ್ತವೆ. ಮಣೆ, ಕಾಲುಮಣೆ, ಚಾಪೆ, ಹಸೆ ಎಂಬ ದೇಶ್ಯ ಪದಗಳೆಲ್ಲ ನೆಲಕ್ಕೆ ಸಮೀಪದ ಆಸನಗಳನ್ನು ಹೇಳುವವು. ಎತ್ತರದ ಆಸನಕ್ಕೆ ಸಂಸ್ಕೃತದ ಪೀಠ, ಸಿಂಹಾಸನಗಳು. ಅವು ದೇವರಿಗೆ, ದೊರೆಗೆ, ಗುರುವಿಗೆ ಸಲ್ಲುವವು. ಕುರ್ಚಿಯು ಅರಬ್ಬಿಯ ಕುರ್ಸಿಯಿಂದ, ಮೇಜು ಪಾರಸಿಯ ಮೇಜ಼್‌ನಿಂದ ಹಿಂದೂಸ್ಥಾನಿಯ ಮೂಲಕ ಕಚೇರಿ, ಗುಮಾಸ್ತ, ದಫ್ತರಗಳ ಜೊತೆಯಲ್ಲಿ ಬಂದವು. ಬೆಂಚು ಡೆಸ್ಕುಗಳು ಇಂಗ್ಲಿಷಿನವು. ಆದಕಾರಣ ಕುರ್ಚಿಯು ಕನ್ನಡಿಗನ ಬಳಿಗೆ ಉಪಕರಣವಾಗಿ ಬಂದದ್ದಲ್ಲ, ಪದವಿಯಾಗಿ ಬಂದದ್ದು. ಇಂದಿಗೂ ಕುರ್ಚಿಗಾಗಿ ಜಗಳವೆಂದರೆ ಅಧಿಕಾರಕ್ಕಾಗಿ ಜಗಳವೆಂದೇ ಅರ್ಥ, ಮಣೆಗಾಗಿ ಜಗಳವಾಡಿದವರಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1805ರಲ್ಲಿ ದಸರೆಯಲ್ಲಿ ಯುರೋಪಿಯನ್ನರಿಗಾಗಿ ಬೇರೆಯೇ ದರ್ಬಾರನ್ನು ಏರ್ಪಡಿಸಿದರು. ಉತ್ತರದ ಪ್ರಾಂತಗಳಲ್ಲಿಯಂತೂ ಸಾಹೇಬನ ಎದುರಿನಲ್ಲಿ ಕುರ್ಚಿಯ ಮೇಲೆ ಕೂರಲು ಅರ್ಹರಾದವರನ್ನು ಕುರ್ಸಿನಶೀನರೆಂದು ಕರೆದು ಅವರ ಪಟ್ಟಿಯನ್ನು ಸರ್ಕಾರ ಇಡುತ್ತಿದ್ದಿತು.

ಮೈಸೂರಿನ ಆಡಳಿತವು 1831ರಲ್ಲಿ ಕಂಪೆನಿಯ ಕಮಿಷನರುಗಳ ಕೈಸೇರಿದಾಗ ಅವರ ಕಚೇರಿ ನೆಲಸಿದ್ದು ಬೆಂಗಳೂರಿನಲ್ಲಿ ಟಿಪ್ಪುವಿನ ಮರದ ಅರಮನೆಯಲ್ಲಿ. 1868ರಲ್ಲಿ ಅಠಾರ ಕಚೇರಿಯ ಕೆಂಪು ಕಟ್ಟಡ ಮುಗಿದು ಇಲಾಖೆಗಳು ಅಲ್ಲಿಗೆ ಹೋದವು. ಗುಬ್ಬಿಯಂಥ ತಾಲ್ಲೂಕಿನಲ್ಲಿ ಮೇಲಿನವನು ಅಮಲ್ದಾರ. ಅವನ ಕೆಳಗೆ ಶಿರಸ್ತೆದಾರ, ಗುಮಾಸ್ತೆಗಳು, ಶೇಖದಾರರು. ಜಮಾಬಂದಿಗೆ ಲೆಕ್ಕದ ಕಟ್ಟುಗಳನ್ನು ಹೊತ್ತು ಬರುವ ಹಳ್ಳಿಯ ಶಾನುಭೋಗರು. ಕುರ್ಚಿಯು ಈ ಸೋಪಾನದಲ್ಲಿ ಮೇಲಿನಿಂದ ಕೆಳಕ್ಕೆ ಒಂದೊಂದೇ ಮೆಟ್ಟಲಾಗಿ ಇಳಿಯಿತು. ಕೈಯುಳ್ಳ ಕುರ್ಚಿ, ಕೈಯಿಲ್ಲದ ಕುರ್ಚಿ, ಬೆಂಚು, ಜಮಖಾನೆ ಎಂಬ ತಾರತಮ್ಯ ನಿಂತಿತು. ಇದರಿಂದ ಒಂದು ವಿಪರೀತ ಪರಿಣಾಮವೂ ಆಯಿತು. ಎಲ್ಲರಿಗಿಂತ ಹೆಚ್ಚು ಬರೆಯುವವನು ಗುಮಾಸ್ತೆ. ಎಲ್ಲರಿಗಿಂತ ಒಳ್ಳೆಯ ಕುರ್ಚಿ ದೊರೆತದ್ದು ಬರೆದುದಕ್ಕೆ ರುಜು ಮಾತ್ರ ಹಾಕುವವನಿಗೆ.

ಶಾಲೆಯಲ್ಲಿಯೂ ಇದೇ ಕಾಲದಲ್ಲಿ ಮಾರ್ಪಾಡಾಯಿತು. ವೆಸ್ಲಿಯನ್ ಪಾದ್ರಿ ವಿಲಿಯಂ ಆರ್ಥರನು 1839ರಲ್ಲಿ ಗುಬ್ಬಿಗೆ ಬಂದು, ಆರೋಗ್ಯ ಕೆಟ್ಟು 1841ರಲ್ಲಿ ಸ್ವದೇಶಕ್ಕೆ ಮರಳಿದನು. ಕೂಲಿಮಠದಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದ ಮಕ್ಕಳು ಮುಂದೆ ಪಾದ್ರಿಗಳ, ಸರ್ಕಾರದ ಶಾಲೆಗಳಲ್ಲಿ ಬೆಂಚನ್ನು ಏರಿದರು. ಆ ಬೆಂಚುಗಳು ಹುಟ್ಟಿದ ದೇಶಗಳಲ್ಲಿಯೇ ಅವುಗಳ ಮೇಲೆ ಆಕ್ಷೇಪ ಎದ್ದಿತ್ತೆಂಬುದು ಇಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಸ್ವಿಟ್ಸರ್ಲೆಂಡಿನ ವೈದ್ಯ ಫಾರ್ನರನು 1865ರಲ್ಲಿ ಮಗುವನ್ನೂ ಶಾಲೆಯ ಮೇಜನ್ನೂ ಕುರಿತು ಪುಸ್ತಕ ಬರೆದು, ಆಸನಕ್ಕೂ ಮೇಜಿಗೂ ನಡುವಣ ಅಂತರ ತಪ್ಪಾದರೆ ಬೆನ್ನು ಹೇಗೆ ಡೊಂಕಾಗುವುದೆಂದು ತೋರಿಸಿದನು. ಬ್ರೆಸ್ಲೌ ನಗರದ ನೇತ್ರವೈದ್ಯ ಹೆರ್ಮನ್ ಕೋನನು 10,060 ವಿದ್ಯಾರ್ಥಿಗಳ ಕಣ್ಣುಗಳನ್ನು ಪರೀಕ್ಷಿಸಿ 1867ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ತರಗತಿ ಏರಿದಂತೆ ಸಮೀಪದೃಷ್ಟಿಯೂ ಏರುವುದನ್ನು ಕಂಡು, ಮಂದವಾದ ಬೆಳಕಿನ ಜೊತೆಗೆ ಅಳತೆ ತಪ್ಪಿದ ಮೇಜುಗಳನ್ನೂ ಹೊಣೆ ಮಾಡಿದನು. ಏರಿಸಿ ಇಳಿಸುವ ಶಾಲಾಪೀಠಗಳಿಗೆ ಯುರೋಪಿನಲ್ಲಿ ಬೇಡಿಕೆ ಬಂದದ್ದು ಇಂಥ ಪರೀಕ್ಷೆಗಳ ಫಲವಾಗಿ. ಅವು ಭೋಗಕ್ಕಾಗಿ ಹುಟ್ಟಲಿಲ್ಲ.

ಅಳತೆಯ ವಿಷಯದಲ್ಲಿ ಹಳೆಯ ಕಸಬುದಾರರ ಕ್ರಮವನ್ನು ನೆನೆಯುವುದು ಯುಕ್ತ. ಗೇಣು, ಮೊಳ, ಮಾರು ಇವು ದೇಹದಿಂದಲೇ ಹುಟ್ಟಿದ ಮಾನಗಳು. ನೇಗಿಲಿನ ಮೇಣಿ ಹಿಡಿಯುವ ಕೈಗೆ ಎಟಕುವಂತೆ ಇರಬೇಕು. ಗುಂಡಿ ಮಗ್ಗದ ಗುಂಡಿ ನೇಯುವವನ ಕಾಲಿಗೆ ತಕ್ಕಷ್ಟು ಆಳವಿರಬೇಕು. ಬಡಗಿಯು ಯಾರಿಗೆ ಮಾಡಿಕೊಡುತ್ತಿದ್ದಾನೆಂಬುದನ್ನು ತಿಳಿದೇ ಮಾಡುತ್ತಿದ್ದನು. ಕಚೇರಿಯ ಮೇಜಾದರೋ ಒಬ್ಬ ಮನುಷ್ಯನಿಗಾಗಿ ಮಾಡಿದುದಲ್ಲ, ಹುದ್ದೆಗಾಗಿ ಮಾಡಿದುದು. ಹುದ್ದೆಗೆ ಮೊಳವೂ ಇಲ್ಲ, ಗೇಣೂ ಇಲ್ಲ. ಸಾಮಾನ್ಯವಾಗಿ ಮೇಜಿನ ಎತ್ತರ 75 ಸೆಂಟಿಮೀಟರು, ಕುರ್ಚಿಯದು 45 ಸೆಂಟಿಮೀಟರು ಎಂದು ರೂಢಿಯಾಯಿತು. ಎತ್ತರದ ಗಂಡಸಿಗೆ ಇದು ಹೊಂದಬಹುದು. ಗಿಡ್ಡನಾದವನಿಗೆ, ಅನೇಕ ಹೆಂಗಸರಿಗೆ ಪಾದ ನೆಲಕ್ಕೆ ಸರಿಯಾಗಿ ತಾಗುವುದಿಲ್ಲ; ತೊಡೆಯ ಕೆಳಗೆ ಆಸನದ ಅಂಚು ಒತ್ತುತ್ತದೆ; ಮೊಣಕೈಗಿಂತ ಮೇಜು ಮೇಲಿರುವುದರಿಂದ ಹೆಗಲನ್ನು ಎತ್ತಿಯೇ ಬರೆಯಬೇಕಾಗುತ್ತದೆ. ಕಾಲಕೆಳಗೆ ಮಣೆಯನ್ನೋ ದಫ್ತರದ ಕಟ್ಟನ್ನೋ ಇಟ್ಟುಕೊಂಡ ಗುಮಾಸ್ತೆಯನ್ನು ಯಾವ ಕಚೇರಿಯಲ್ಲಿ ಕಾಣುವುದಿಲ್ಲ? ಭಾರತೀಯರ ದೇಹದ ಅಳತೆಗಳನ್ನು ಕ್ರಮವಾಗಿ ತೆಗೆದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ದೇಬಕುಮಾರ ಚಕ್ರವರ್ತಿಯವರ ಗ್ರಂಥವಾಗಿ ಪ್ರಕಟಿಸಿದ್ದು 1997ರಷ್ಟು ಈಚೆಗೆ.

ಏರಿಳಿಸಬಹುದಾದ ಪೀಠೋಪಕರಣದ ತತ್ತ್ವ ಸರಳವಾದುದು. ಕುರ್ಚಿಯ ನಡುಗಂಬದಲ್ಲಿ ಒತ್ತಿ ತುಂಬಿದ ವಾಯುವುಳ್ಳ ಕೊಳವೆಯಿರುತ್ತದೆ. ಹಿಡಿಯನ್ನು ಎಳೆದರೆ ಆಸನ ಏರುತ್ತದೆ, ಮೇಲೆ ಭಾರ ಬಿದ್ದರೆ ಇಳಿಯುತ್ತದೆ. ಪಾದಗಳು ನೆಲದಲ್ಲಿ ಊರಿ ಮಂಡಿ ಸುಮಾರಾಗಿ ಲಂಬಕೋನದಲ್ಲಿ ನಿಲ್ಲುವವರೆಗೆ ಆಸನವನ್ನು ಹೊಂದಿಸಿ, ಆಮೇಲೆ ಮೊಣಕೈಯ ಮಟ್ಟಕ್ಕೆ ಮೇಜನ್ನು ತರಬೇಕು. ಗಣಕಯಂತ್ರದ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಮೇಜೂ ಚಲಿಸುವಂಥದಾದರೆ ಸುಮಾರು 65ರಿಂದ 125 ಸೆಂಟಿಮೀಟರಿನವರೆಗೆ ಅದನ್ನು ಏರಿಸಿ, ಕುಳಿತೂ ನಿಂತೂ ಕೆಲಸ ಮಾಡಬಹುದು. ಗಾಲಿಕುರ್ಚಿಯಲ್ಲಿ ಬರುವ ನೌಕರನಿಗೆ ಇದರ ಪ್ರಯೋಜನ ಇನ್ನೂ ಹೆಚ್ಚು. ಎರಡು ಪಕ್ಕಗಳಲ್ಲಿ ಸೆಳೆಖಾನೆ, ಎದುರಿಗೆ ಅಡ್ಡಹಲಗೆ ಇರುವ ಹಳೆಯ ಮಾದರಿಯ ಮೇಜಿನ ಕೆಳಕ್ಕೆ ಗಾಲಿಕುರ್ಚಿ ಹೋಗುವುದೇ ಇಲ್ಲ. ಅಂಥವನು ಮೇಜಿಗೆ ಓರೆಯಾಗಿ ಕುಳಿತು ಸೊಂಟ ತಿರುಚಿಕೊಂಡು ಬರೆಯಬೇಕು, ಇಲ್ಲವೇ ಕೆಲಸ ಬಿಡಬೇಕು.

ಗುಬ್ಬಿಯ ಬರೆಹವೂ ಈ ನಡುವೆ ಮತ್ತೊಮ್ಮೆ ಸ್ಥಳ ಬದಲಿಸಿತು. 1961ರ ಶಾಸನವು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. ಅವರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. 2000ದ ಸುಮಾರಿನಲ್ಲಿ ಭೂಮಿ ಎಂಬ ಯೋಜನೆಯ ಮೂಲಕ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಆಗಿನ 177 ತಾಲ್ಲೂಕುಗಳಲ್ಲಿಯೂ, ಗುಬ್ಬಿಯೂ ಸೇರಿ, ಪಹಣಿ ಕೊಡುವ ಕಿಂಡಿಗಳು ತೆರೆದವು. ಕೈಬರೆಹದ ಪಹಣಿಗೆ ಮಾನ್ಯತೆ ತಪ್ಪಿತು. ಶಾನುಭೋಗನಾದರೂ ಲೆಕ್ಕದ ಪುಸ್ತಕವನ್ನು ಮಡಿಲಿಗೋ ಜಗಲಿಗೋ ಬೆಳಕಿಗೋ ಒಯ್ಯಬಹುದಾಗಿತ್ತು. ಪರದೆಯನ್ನು ಹಾಗೆ ಒಯ್ಯುವಂತಿಲ್ಲ; ಅದು ಇರುವೆಡೆಗೆ ಕಣ್ಣು ಹೋಗಬೇಕು, ಕಣ್ಣಿನ ಹಿಂದೆ ಕತ್ತು, ಕತ್ತಿನ ಹಿಂದೆ ಬೆನ್ನು. ಓಲೆಯ ಕಾಲದಿಂದ ಲೇಖಕನಿಗಿದ್ದ ಒಂದು ಸ್ವಾತಂತ್ರ್ಯ ಇಲ್ಲಿ ಪೂರ್ಣವಾಗಿ ಹೋಯಿತೆನ್ನಬೇಕು. ಅದನ್ನು ಹಿಂದಕ್ಕೆ ಕೊಡಬಲ್ಲುದು ಆಸನವೂ ಮೇಜೂ ಚಲಿಸಬಲ್ಲ ಏರ್ಪಾಡು ಮಾತ್ರ.

ಇದು ಈಗ ಕೇವಲ ಸೌಕರ್ಯದ ಪ್ರಶ್ನೆಯಾಗಿ ಉಳಿದಿಲ್ಲ. 2017ರ ಏಪ್ರಿಲಿನಲ್ಲಿ ಜಾರಿಗೆ ಬಂದ 2016ರ ಅಂಗವಿಕಲರ ಹಕ್ಕುಗಳ ಶಾಸನವು, ಅಂಗವೈಕಲ್ಯವುಳ್ಳ ನೌಕರನಿಗೆ ಪ್ರತಿಯೊಂದು ಸರ್ಕಾರಿ ಸಂಸ್ಥೆಯೂ ಯುಕ್ತವಾದ ಹೊಂದಾಣಿಕೆಯನ್ನೂ ಅಡೆತಡೆಯಿಲ್ಲದ ಆವರಣವನ್ನೂ ಒದಗಿಸಬೇಕೆಂದು ವಿಧಿಸಿದೆ. ಸರ್ಕಾರದ ಹುದ್ದೆಗಳಲ್ಲಿ ಅಂಥವರಿಗೆ ನೂರಕ್ಕೆ 4ಕ್ಕೆ ಕಡಮೆಯಿಲ್ಲದಷ್ಟು ಮೀಸಲಾತಿಯನ್ನೂ ಇಟ್ಟಿದೆ. ಹುದ್ದೆಯನ್ನು ಕೊಟ್ಟು ಕುಳಿತುಕೊಳ್ಳಲಾಗದ ಮೇಜನ್ನು ತೋರಿಸಿದರೆ ಕೊಟ್ಟದ್ದೇನು? 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಮೊಕದ್ದಮೆ ಈ ವಿಚಾರಕ್ಕೆ ಬಹು ಹತ್ತಿರವಾದುದು. ಅರ್ಜಿದಾರನಿಗೆ ಇದ್ದ ಬಾಧೆ ಲೇಖಕರ ಕೈಸೆಳೆತ, ಅಂದರೆ ಬರೆಯಲು ತೊಡಗಿದೊಡನೆ ಬೆರಳುಗಳು ಸೆಟೆದುಕೊಳ್ಳುವ ರೋಗ. ಪರೀಕ್ಷೆಯಲ್ಲಿ ಅವನ ಪರವಾಗಿ ಬರೆಯಲು ಲಿಪಿಕಾರನೊಬ್ಬನನ್ನು ಒದಗಿಸುವುದು ಯುಕ್ತವಾದ ಹೊಂದಾಣಿಕೆಯೇ ಎಂದೂ, ಅಂಗವೈಕಲ್ಯದ ಪ್ರಮಾಣ ನಿಗದಿಗಿಂತ ಕಡಮೆಯೆಂಬ ಕಾರಣದಿಂದ ಅದನ್ನು ನಿರಾಕರಿಸಲಾಗದೆಂದೂ ನ್ಯಾಯಾಲಯವು ತೀರ್ಪಿತ್ತಿತು. ಕೈಯನ್ನು ಒಂದೇ ರೀತಿಯಲ್ಲಿ ಆಡಿಸುವುದರಿಂದ ಲಿಪಿಕಾರರಿಗೆ ಒದಗುವ ಬಾಧೆಯನ್ನು ರಾಮಾಜ಼ಿನಿ ಬರೆದು ಆಗಲೇ ಮುನ್ನೂರು ವರ್ಷಗಳು ಕಳೆದಿದ್ದವು.

ಇಂಥ ಪೀಠೋಪಕರಣಗಳಿಗೆ ಕನ್ನಡದಲ್ಲಿ ಇನ್ನೂ ನೆಲೆನಿಂತ ಹೆಸರಿಲ್ಲ. ಅಂಗಡಿಯವರು ಇಂಗ್ಲಿಷಿನ ಹೆಸರನ್ನೇ ಹೇಳುತ್ತಾರೆ. ಸರ್ಕಾರದ ಕಾಗದಗಳಲ್ಲಿ ಬರುವ ಸಮಾಸಗಳು ನಾಲಗೆಗೆ ಹೊರೆಯಾಗುತ್ತವೆ. ಏರಿಳಿ ಮೇಜು, ಏರಿಳಿ ಕುರ್ಚಿ ಎಂದರೆ ಬಡಗಿಗೂ ಗುಮಾಸ್ತೆಗೂ ಒಡನೆ ತಿಳಿಯುತ್ತದೆ. ಪುಸ್ತಕವನ್ನೋ ಪರದೆಯನ್ನೋ ಎತ್ತರಿಸಿ ಇಡುವ ಮಡಿಕೆಯ ಆಸರೆಗೆ ಹೊಸ ಪದವನ್ನು ಹುಡುಕುವ ಅಗತ್ಯವೂ ಇಲ್ಲ. ಅದಕ್ಕೆ ಠವಣೆಕೋಲು ಎಂಬ ಪದವಿದೆ.